ಶನಿವಾರ ಕೆಸರಿಗೆ, ಸೋಮವಾರ ಆಫೀಸಿಗೆ: ಒಂದು ಹಳೇ ಮಾರುತಿ ಜಿಪ್ಸಿ ಹುಡುಕಿ ರೆಡಿ ಮಾಡಿದ ಕತೆ

ಮೊದಲು ದಾರಿಯ ಲೆಕ್ಕ ಹೇಳಿಬಿಡುತ್ತೇನೆ. ಬೆಂಗಳೂರಿನ ನನ್ನ ಮನೆಯಿಂದ ಸಕಲೇಶಪುರಕ್ಕೆ ಸುಮಾರು 220 ಕಿಮೀ. ಅಲ್ಲಿಂದ ಹೆತ್ತೂರು ಕಡೆಗೆ ಇನ್ನೊಂದಷ್ಟು ಡಾಂಬರು. ಮಾವನ ತೋಟದ ಗೇಟು ದಾಟಿದ ಮೇಲೆ ಕೆಂಪು ಮಣ್ಣು, ಎರಡು ಹಳ್ಳ, ಒಂದು ಕಡಿದಾದ ಏರು, ಕಲ್ಲೆದ್ದ ಇಳಿಜಾರು. ಅಕ್ಕಪಕ್ಕದ ತೋಟದವರ ಒಪ್ಪಿಗೆ ತಗೊಂಡು ಸುತ್ತು ಹಾಕಿದರೆ 12 ಕಿಮೀ ಆಗುತ್ತದೆ. ಅಂದರೆ ಒಂದು ವಾರಾಂತ್ಯಕ್ಕೆ 500 ಕಿಮೀ ಹತ್ತಿರ ಡಾಂಬರು, ಇಪ್ಪತ್ತು ಇಪ್ಪತ್ತೈದು ಕಿಮೀ ಮಣ್ಣು. ಗಾಡಿಯನ್ನು ಬೇರೆ ವಾಹನದ ಮೇಲೆ ಹೇರಿಕೊಂಡು ಹೋಗುವ ಅನುಕೂಲ ನನಗಿಲ್ಲ. ಅದರಲ್ಲೇ ಹೋಗಬೇಕು, ಅದರಲ್ಲೇ ಬರಬೇಕು, ಸೋಮವಾರ ಬೆಳಗ್ಗೆ ಅದರಲ್ಲೇ ಆಫೀಸಿಗೆ ಹೋಗಬೇಕು.

ಈ ಲೆಕ್ಕವನ್ನು ಕಾಗದದ ಮೇಲೆ ಬರೆದುಕೊಂಡ ದಿನವೇ ನನ್ನ ಅರ್ಧ ಗೊಂದಲ ಕಳೆಯಿತು. ಅದುವರೆಗೆ ನಾನು ನೋಡುತ್ತಿದ್ದದ್ದೆಲ್ಲ ದೊಡ್ಡ ಟಯರು, ಎತ್ತರಿಸಿದ ಬಾಡಿ, ವಿಂಚು, ಮೇಲೊಂದು ಸಾಲು ಲೈಟು. ಇಪ್ಪತ್ತೈದು ಕಿಮೀ ಸಲುವಾಗಿ ಆ ಐನೂರು ಕಿಮೀ ಹಾಳು ಮಾಡಿಕೊಳ್ಳುವುದು ಸರಿಯಲ್ಲ ಅನ್ನಿಸಿತು. ಹೈವೇಯಲ್ಲಿ ನೇರ ಓಡಬೇಕು, ಬ್ರೇಕ್ ಒತ್ತಿದರೆ ನೇರ ನಿಲ್ಲಬೇಕು. ಅದು ಸರಿ ಇರುವ ಗಾಡಿ ಹುಡುಕಿ, ಆಮೇಲೆ ಮಣ್ಣಿಗೆ ಬೇಕಾದ್ದನ್ನು ಸೇರಿಸಿಕೊಳ್ಳೋಣ ಅಂತ ತೀರ್ಮಾನಿಸಿದೆ.

ಮಲೆನಾಡಿನಲ್ಲಿ ನಾಲ್ಕೂ ಚಕ್ರ ಎಳೆಯುವ ಯಾವ ಗಾಡಿಯಾದರೂ ಜೀಪೇ. ಕೊಡಚಾದ್ರಿಗೆ ಜನರನ್ನು ಹತ್ತಿಸುವುದು, ಮಾಂದಲಪಟ್ಟಿಗೆ ಕರೆದುಕೊಂಡು ಹೋಗುವುದು ಹೆಚ್ಚಾಗಿ ಹಳೇ ಮಹೀಂದ್ರ ಜೀಪುಗಳು. ಮಾವನ ಹತ್ತಿರವೂ ಒಂದು ಎಂಎಂ 540 ಇದೆ, ಪ್ಯೂಜೋ ಡೀಸೆಲ್ ಎಂಜಿನ್ನಿನದು. ಮೊದಲು ನಾನು ಆಸೆಪಟ್ಟದ್ದು ಅಂಥದ್ದಕ್ಕೇ. ತೋಟದೊಳಗೆ ಅದರ ಗತ್ತೇ ಬೇರೆ. ಮೊದಲ ಗೇರಿನಲ್ಲಿ ಕಾಲು ತೆಗೆದರೂ ಏರು ಹತ್ತುತ್ತದೆ. ಒಂದು ದಿನ ಅದನ್ನೇ ಕೇಳಿ ತಗೊಂಡು ಹಾಸನದವರೆಗೆ ಓಡಿಸಿದೆ. ಗಂಟೆಗೆ 60 ದಾಟಿದರೆ ಪಕ್ಕದಲ್ಲಿ ಕೂತವರ ಮಾತು ಕೇಳುವುದಿಲ್ಲ. ಲಾರಿ ಹಿಂದಿಕ್ಕಲು ಅರ್ಧ ಕಿಮೀ ಖಾಲಿ ರಸ್ತೆ ಬೇಕು. ಇಳಿದಾಗ ಕೈ ಇನ್ನೂ ನಡುಗುತ್ತಿತ್ತು. ಅದು ಊರಿನ ಗಾಡಿ, ಊರಲ್ಲೇ ಇರಲಿ ಅಂತ ಬಿಟ್ಟೆ.

ಎರಡನೆಯದು ಹಳೇ ಥಾರ್, 2010ರಲ್ಲಿ ಬಂದದ್ದು. ಅದರ ಸಿಆರ್‌ಡಿಇ ಡೀಸೆಲ್ ಎಂಜಿನ್ 2498 ಸಿಸಿ, 105 ಕುದುರೆ ಶಕ್ತಿ. ಮುಂದೆ ಟಾರ್ಶನ್ ಬಾರ್ ಇರುವ ಸ್ವತಂತ್ರ ಸಸ್ಪೆನ್ಷನ್, ಹಿಂದೆ ಪ್ಲೇಟು (ಪಟ್ಟಿ ಪಟ್ಟಿಯಾಗಿ ಜೋಡಿಸಿದ ಸ್ಪ್ರಿಂಗು). 2015ರ ನಂತರದ್ದರಲ್ಲಿ ಹಿಂದಿನ ಡಿಫ್ರೆನ್ಷಿಯಲ್‌ಗೆ (ಆಕ್ಸಲ್ಲಿನಲ್ಲಿದ್ದು ಎರಡೂ ಚಕ್ರಕ್ಕೆ ಶಕ್ತಿ ಹಂಚುವ ಗೇರು ಗುಂಡಿಗೆ) ತಾನಾಗಿ ಲಾಕ್ ಆಗುವ ಏರ್ಪಾಡೂ ಸಿಗುತ್ತದೆ. ದುಡ್ಡಿದ್ದರೆ ಹೈವೇಗೂ ಮಣ್ಣಿಗೂ ಒಳ್ಳೇ ಆಯ್ಕೆ. ನಾನು ನೋಡಿದ ಎರಡೂ 6 ಲಕ್ಷದ ಮೇಲಿದ್ದವು. ಅಷ್ಟು ಕೊಟ್ಟ ಮೇಲೆ ರಿಪೇರಿಗೆ ಏನೂ ಉಳಿಯುತ್ತಿರಲಿಲ್ಲ.

ಪಿಕಪ್ ತಗೊಂಡರೆ ಹೇಗೆ ಅನ್ನುವ ಯೋಚನೆಯೂ ಬಂತು. ಗೆಳೆಯನ ಇಸುಝು ವಿ-ಕ್ರಾಸ್‌ನಲ್ಲಿ ಒಂದು ಶನಿವಾರ ತೋಟಕ್ಕೆ ಹೋದೆವು. ಹೈವೇಯಲ್ಲಿ ಅಂಥ ಸುಖ ಬೇರೆ ಇಲ್ಲ. ಹಿಂದೆ ಎಷ್ಟು ಸಾಮಾನು ಬೇಕಾದರೂ ಹಾಕಬಹುದು. ಆದರೆ ಅದರ ಉದ್ದ 5.3 ಮೀಟರ್. ಮುಂದಿನ ಹಿಂದಿನ ಚಕ್ರಗಳ ನಡುವೆಯೇ 3 ಮೀಟರಿಗಿಂತ ಜಾಸ್ತಿ. ತೋಟದ ರಸ್ತೆಯ ತಿರುವುಗಳಲ್ಲಿ ಎರಡೂ ಕಡೆ ಕಾಫಿ ಗಿಡ, ಮೂಲೆಯಲ್ಲೊಂದು ಸಿಲ್ವರ್ ಓಕ್. ಪ್ರತಿ ತಿರುವಿಗೂ ಮೂರು ಸಲ ಹಿಂದೆ ಮುಂದೆ ಮಾಡಬೇಕಾಯಿತು. ಏರಿನ ನೆತ್ತಿಯಲ್ಲಿ ಮುಂದಿನ ಚಕ್ರ ಆಚೆ ಇಳಿದು, ಹಿಂದಿನದು ಈಚೆ ಇದ್ದಾಗ ಹೊಟ್ಟೆ ನೆಲಕ್ಕೆ ತಾಗಿತು. ಚಕ್ರಗಳ ನಡುವಿನ ಅಂತರ ಜಾಸ್ತಿ ಆದಷ್ಟೂ ದಿಬ್ಬದ ಮೇಲೆ ಹೊಟ್ಟೆ ಕೂರುತ್ತದೆ ಅನ್ನುವುದನ್ನು ಓದಿ ತಿಳಿದಿದ್ದೆ. ಆ ಸದ್ದು ಕೇಳಿದ ಮೇಲೆ ಮನಸ್ಸಿಗೆ ಇಳಿಯಿತು. ಬಯಲುಸೀಮೆಯಲ್ಲೋ ಮರಳಿನಲ್ಲೋ ಓಡಿಸುವವರಿಗೆ ಪಿಕಪ್ ಚೆನ್ನ. ನಮ್ಮ ಕಿರಿದಾದ ತೋಟದ ದಾರಿಗೆ ಅದು ದೊಡ್ಡದಾಯಿತು.

2023ರಲ್ಲಿ ಬಂದ ಐದು ಬಾಗಿಲಿನ ಜಿಮ್ನಿ ನನ್ನ ದಾರಿಗೆ ಎಲ್ಲ ರೀತಿಯಲ್ಲೂ ಸರಿಹೊಂದುತ್ತಿತ್ತು. ಅದರ ಬೆಲೆ ಬಂದ ದಿನವೇ 12 ಲಕ್ಷದ ಮೇಲೆ. ಕಂತು ಕಟ್ಟುತ್ತಿರುವ ಹೊಸ ಗಾಡಿಯನ್ನು ಕಲ್ಲಿಗೆ ತಾಗಿಸಲು ನನಗೆ ಮನಸ್ಸು ಬರುವುದಿಲ್ಲ.

ಹಾಗಾಗಿ ಉಳಿದದ್ದು ಜಿಪ್ಸಿ. 1985ರ ಡಿಸೆಂಬರಿನಲ್ಲಿ 970 ಸಿಸಿ ಎಂಜಿನ್ನಿನೊಂದಿಗೆ ಬಂದ ಗಾಡಿ. 1996ರಲ್ಲಿ 1298 ಸಿಸಿಯ ಜಿಪ್ಸಿ ಕಿಂಗ್ ಬಂತು. 2000ದಲ್ಲಿ ಕಾರ್ಬುರೇಟರ್ ಹೋಗಿ ಎಂಪಿಎಫ್‌ಐ (ಪೆಟ್ರೋಲನ್ನು ಚಿಮ್ಮಿಸುವ ಇಂಜೆಕ್ಷನ್), 16 ವಾಲ್ವ್, 80 ಕುದುರೆ ಶಕ್ತಿ. ಎರಡೂ ಕಡೆ ಗಟ್ಟಿ ಆಕ್ಸಲ್, ನಾಲ್ಕೂ ಕಡೆ ಪ್ಲೇಟು. ಚಕ್ರಗಳ ನಡುವೆ 2375 ಮಿಮೀ. ಬಟ್ಟೆ ಹುಡ್ಡಿನದು ಒಂದು ಟನ್ನಿಗಿಂತ ಕಡಿಮೆ ತೂಗುತ್ತದೆ. ಗಾಡಿ ಹಗುರ ಇದ್ದರೆ ಕೆಸರಿನಲ್ಲಿ ಅರ್ಧ ಗೆದ್ದ ಹಾಗೆ. ಹೂತರೂ ನಾಲ್ಕು ಜನ ಸೇರಿ ನೂಕಿದರೆ ಎದ್ದು ಬರುತ್ತದೆ. ಸೈನ್ಯ, ಪೊಲೀಸ್, ಅರಣ್ಯ ಇಲಾಖೆ ಎಲ್ಲರೂ ವರ್ಷಗಟ್ಟಲೆ ಓಡಿಸಿದ್ದರಿಂದ ಸಾಮಾನು ಇವತ್ತಿಗೂ ಸಿಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅರ್ಧ ದಿನ ಓಡಾಡಿದರೆ ನಟ್ಟಿನಿಂದ ಹಿಡಿದು ಬೇರಿಂಗ್‌ವರೆಗೆ ಕೈಗೆ ಬರುತ್ತದೆ.

ಎಂಪಿಎಫ್‌ಐ ಇರುವುದೇ ಬೇಕು ಅಂತ ಹಠ ಹಿಡಿದಿದ್ದೆ. ಕಾರಣ ಇದೆ. ಕಾರ್ಬುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಪುಟ್ಟ ಬಟ್ಟಲು ಇರುತ್ತದೆ. ಗಾಡಿ ಕಡಿದಾಗಿ ವಾಲಿದರೆ ಅದರ ಮಟ್ಟ ತಪ್ಪುತ್ತದೆ. ಏರಿನ ನಡುವೆ ಎಂಜಿನ್ ಕೆಮ್ಮಿ ಆಫ್ ಆದರೆ ಹಿಂದಕ್ಕೆ ಜಾರುವ ಅಪಾಯ. ಇಂಜೆಕ್ಷನ್ ಇದ್ದರೆ ಈ ತೊಂದರೆ ಇಲ್ಲ.

ಐದು ಜಿಪ್ಸಿ ನೋಡಿದೆ. ಮೊದಲನೆಯದು ಬೆಂಗಳೂರಿನಲ್ಲೇ. ಎತ್ತರಿಸಿದ್ದು, ದಪ್ಪ ಟಯರು, ಕಬ್ಬಿಣದ ದೊಡ್ಡ ಬಂಪರು, ನೋಡಲು ಬಲು ಚೆಂದ. 60ರಲ್ಲಿ ಒಂದು ಸಣ್ಣ ಗುಂಡಿ ದಾಟಿದ್ದೇ ತಡ, ಸ್ಟೇರಿಂಗ್ ಎರಡೂ ಕಡೆ ಬಡಿದಾಡಲು ಶುರುವಾಯಿತು. ಬ್ರೇಕ್ ಒತ್ತಿ ಪೂರ್ತಿ ನಿಲ್ಲಿಸಿದ ಮೇಲೇ ಅದು ನಿಂತದ್ದು. ಬಾನೆಟ್ ಎತ್ತಿದರೆ ಒಳಗೆ ಡೀಸೆಲ್ ಎಂಜಿನ್. ಆರ್‌ಸಿಯಲ್ಲಿ ಪೆಟ್ರೋಲ್ ಅಂತಲೇ ಇತ್ತು. "ಎಲ್ರೂ ಹಿಂಗೇ ಓಡಿಸ್ತಾರೆ ಸಾರ್" ಅಂದರು ಬ್ರೋಕರ್. ಓಡಿಸುವವರು ಓಡಿಸಲಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿ ಇರುವ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಗಟ್ಟಿಯಾಗಿ ಹೇಳಿದೆ. ನಾಳೆ ಯಾರಿಗೋ ಏಟಾದರೆ ಇನ್ಶೂರೆನ್ಸ್ ಕೈ ಎತ್ತಬಹುದು. ಆ ಭಾರ ನನಗೆ ಬೇಡ. ಮುಂದೆ ಹಾಕುವ ಕಬ್ಬಿಣದ ಬುಲ್ ಬಾರಿಗೂ 2017ರ ಡಿಸೆಂಬರಿನಿಂದ ಅನುಮತಿ ಇಲ್ಲ. ಹಾಗಾಗಿ ಅದೂ ನನ್ನ ಪಟ್ಟಿಯಿಂದ ಹೊರಗೆ.

ಎರಡನೆಯದು ಸೈನ್ಯದ ಹರಾಜಿನಿಂದ ಬಂದದ್ದು. ಎಂಜಿನ್ ಸದ್ದು ಗಡಿಯಾರದ ಹಾಗಿತ್ತು. ಕಾಗದಪತ್ರ ಮಾತ್ರ ಪೂರ್ತಿ ಇರಲಿಲ್ಲ, ಬಿಟ್ಟೆ. ಮೂರನೆಯದಕ್ಕೆ ಹೊಸ ಹಸಿರು ಬಣ್ಣ ಬಳಿದಿದ್ದರು. ಫ್ರಿಜ್ ಬಾಗಿಲಿಗೆ ಅಂಟಿಸುವ ಪುಟ್ಟ ಆಯಸ್ಕಾಂತವನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಿದ್ದೆ. ಹಿಂದಿನ ಮೂಲೆಗಳಲ್ಲಿ ಅದು ಕಚ್ಚಲೇ ಇಲ್ಲ, ಜಾರಿ ಬಿತ್ತು. ಬಣ್ಣದ ಕೆಳಗೆ ಬರೀ ಪುಟ್ಟಿ. ನಾಲ್ಕನೆಯದರ ಚಾಸಿಯಲ್ಲಿ ಹಿಂದಿನ ಶಾಕಲ್ (ಪ್ಲೇಟಿನ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ) ಕೂರುವ ಜಾಗಕ್ಕೆ ಸ್ಕ್ರೂಡ್ರೈವರ್ ಒತ್ತಿದೆ. ಅದು ಒಳಗೇ ಹೋಯಿತು. ಅಲ್ಲಿಗೆ ಮುಗಿಯಿತು.

ಐದನೆಯದು ಮೂಡಿಗೆರೆ ಹತ್ತಿರದ ಒಬ್ಬ ಪ್ಲಾಂಟರ್ ಮನೆಯಲ್ಲಿ ಸಿಕ್ಕಿತು. 2009ರ ಮಾಡೆಲ್, ಬಿಳಿ ಬಣ್ಣ, ಬಟ್ಟೆ ಹುಡ್ಡು, ಎಲ್ಲೂ ಏನೂ ಬದಲಿಸಿಲ್ಲ. ಟಯರು ಸವೆದಿತ್ತು. ಸೀಟು ಹರಿದಿತ್ತು. 15 ವರ್ಷ ದಾಟಿದ್ದರಿಂದ ಆರ್‌ಸಿಯನ್ನು ಇನ್ನೈದು ವರ್ಷಕ್ಕೆ ನವೀಕರಿಸಿ, ಹಸಿರು ತೆರಿಗೆ ಕಟ್ಟಿದ ರಸೀದಿಯನ್ನೂ ಜೋಪಾನವಾಗಿ ಇಟ್ಟಿದ್ದರು. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದೆ. ಅಕ್ಷರ ಒಂದೊಂದೂ ಸ್ಪಷ್ಟವಾಗಿ ಮೂಡಿ ಬಂತು, ಆರ್‌ಸಿ ಜೊತೆ ಸರಿಹೋಯಿತು. ಕೆಳಗೆ ಮಲಗಿ ಸಣ್ಣ ಸುತ್ತಿಗೆಯಿಂದ ಚಾಸಿಯ ಉದ್ದಕ್ಕೂ ತಟ್ಟುತ್ತಾ ಹೋದೆ. ಗಟ್ಟಿ ಇರುವ ಕಡೆ ಟಣ್ ಅನ್ನುತ್ತದೆ, ತುಕ್ಕು ತಿಂದ ಕಡೆ ಡಬ್ ಅನ್ನುತ್ತದೆ. ಚಾಸಿ ಪೂರ್ತಿ ಟಣ್. ಡ್ರೈವರ್ ಕಾಲಡಿಯ ತಗಡು ಮಾತ್ರ ಡಬ್. ತಗಡು ಬದಲಿಸಬಹುದು, ಚಾಸಿ ಬದಲಿಸುವುದು ಬೇರೆಯೇ ಕತೆ. ಮುಂದಿನ ಚಕ್ರ ಜಾಕಿಯಲ್ಲಿ ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದೆ. ಎರಡೂ ಕಡೆ ಆಟ ಇತ್ತು. ಅದೂ ರಿಪೇರಿ ಆಗುವಂಥದ್ದೇ. 2.7 ಲಕ್ಷಕ್ಕೆ ಮಾತು ಮುಗಿಯಿತು.

ಮೊದಲ ಒಂದು ತಿಂಗಳು ಏನೂ ಮಾಡಲಿಲ್ಲ. ಸುಮ್ನೆ ಓಡಿಸಿದೆ, 1,000 ಕಿಮೀ. ಇದು ತುಂಬಾ ಉಪಯೋಗಕ್ಕೆ ಬಂತು. ಎಲ್ಲಿ ಸದ್ದು, ಎಲ್ಲಿ ಸೋರಿಕೆ, ಯಾವ ವೇಗದಲ್ಲಿ ನಡುಕ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. 65ರಲ್ಲಿ ಸ್ಟೇರಿಂಗ್ ನಡುಕ. ಎಡ ಮುಂದಿನ ಚಕ್ರದ ಒಳಗಡೆ ಎಣ್ಣೆ ಜಿಡ್ಡು. ಬ್ರೇಕ್ ಒತ್ತಿದರೆ ಸ್ವಲ್ಪ ಎಡಕ್ಕೆ ಎಳೆತ. ಗೇರು ಬದಲಿಸುವಾಗ ಕೆಳಗಿನಿಂದ ಒಂದು ಧಡ್.

ಪಟ್ಟಿ ಹಿಡಿದು ಹಾಸನದ ನಮ್ಮ ಮೇಸ್ತ್ರಿ ಹತ್ತಿರ ಹೋದೆ. ಹೊಸ ಟಯರ್ ಹಾಕಿಸೋಣ ಅಂದೆ. ಅವರು ಜಿಡ್ಡು ಇದ್ದ ಕಡೆ ಬೆರಳು ಆಡಿಸಿ ಮೂಸಿ ನೋಡಿದರು. "ಸಾರ್, ಇದನ್ನ ಸರಿ ಮಾಡ್ದೆ ಟಯರ್ ಹಾಕ್ಬೇಡಿ. ದೊಡ್ಡ ಟಯರ್ ಹಾಕಿದ್ರೆ ನಡುಗೋದು ಇನ್ನೂ ಜಾಸ್ತಿ ಆಗುತ್ತೆ. ಮೊದ್ಲು ಮುಂದಿನ ಆಕ್ಸಲ್ ಬಿಚ್ಚೋಣ."

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಳೇ ಜಿಪ್ಸಿ ತಗೊಳ್ಳುವ ಎಲ್ಲರಿಗೂ ಈ ಕೆಲಸ ಒಂದಲ್ಲ ಒಂದು ದಿನ ಬಂದೇ ಬರುತ್ತದೆ.

ಜಿಪ್ಸಿಯ ಮುಂದಿನ ಆಕ್ಸಲ್ಲಿನ ಎರಡೂ ತುದಿಯಲ್ಲಿ ಚೆಂಡಿನ ಆಕಾರದ ಒಂದು ಗೋಳ ಇರುತ್ತದೆ. ಅದರ ಮೇಲೆ ನಕಲ್ (ಚಕ್ರವನ್ನು ಎಡಬಲಕ್ಕೆ ಹೊರಳಿಸುವ ಭಾಗ) ಕೂತಿರುತ್ತದೆ. ನಕಲ್ ತಿರುಗಿದರೆ ಚಕ್ರ ತಿರುಗುತ್ತದೆ. ಅದು ತಿರುಗುವುದಕ್ಕೆ ಮೇಲೊಂದು ಕೆಳಗೊಂದು ಕಿಂಗ್ ಪಿನ್, ಪ್ರತಿಯೊಂದಕ್ಕೂ ಒಂದು ಪುಟ್ಟ ಟೇಪರ್ ಬೇರಿಂಗ್. ಗೋಳದ ಹಿಂಬದಿಯಲ್ಲಿ ನೀರು, ಮಣ್ಣು ಒಳಗೆ ಬರದ ಹಾಗೆ ರಬ್ಬರ್ ಸೀಲು, ಫೆಲ್ಟ್ ಸೀಲು. ಆಕ್ಸಲ್ ಕೊಳವೆಯ ಒಳಗೆ ಇನ್ನೊಂದು ಆಯಿಲ್ ಸೀಲು. ಈ ಒಳಗಿನ ಸೀಲು ಸವೆದರೆ ಡಿಫ್ರೆನ್ಷಿಯಲ್ ಎಣ್ಣೆ ಗೋಳದೊಳಗೆ ಬರುತ್ತದೆ, ಗ್ರೀಸನ್ನು ಕರಗಿಸುತ್ತದೆ, ಆಮೇಲೆ ಹೊರಗೆ ಸೋರುತ್ತದೆ. ನಾನು ನೋಡಿದ ಜಿಡ್ಡು ಅದೇ.

ಚಕ್ರ ತೆಗೆದು, ಬ್ರೇಕ್ ಕ್ಯಾಲಿಪರ್ ಬಿಚ್ಚಿ ತಂತಿಯಲ್ಲಿ ಕಟ್ಟಿ ನೇತುಹಾಕಿದೆವು. ಅದನ್ನು ಹೋಸಿನ ಮೇಲೆ ಜೋತುಬಿಡಬಾರದು. ಹಬ್ಬು, ಸ್ಪಿಂಡಲ್, ಆಕ್ಸಲ್ ರಾಡು ಒಂದೊಂದಾಗಿ ಹೊರಗೆ ಬಂದವು. ಕಿಂಗ್ ಪಿನ್ನಿನ ನಾಲ್ಕು ನಾಲ್ಕು ಬೋಲ್ಟ್ ಬಿಚ್ಚುವಾಗ ಮೇಸ್ತ್ರಿ ಕೆಳಗೆ ಅಂಗೈ ಒಡ್ಡಿ ಕೂತರು. ಕೆಳಗಿನ ಬೇರಿಂಗ್ ಅವರ ಕೈಗೇ ಬಿತ್ತು. ಒಳಗೆ ಗ್ರೀಸ್ ಇರಲಿಲ್ಲ, ಕಪ್ಪಗೆ ರಾಗಿ ಅಂಬಲಿಯಂಥದ್ದು ಇತ್ತು. ಬಟ್ಟೆಯಲ್ಲಿ ಒರೆಸಿ ರೇಸನ್ನು (ಬೇರಿಂಗಿನ ಹೊರಗಿನ ಬಳೆಯನ್ನು) ನನ್ನ ಕೈಗೆ ಕೊಟ್ಟರು. "ಉಗುರು ಆಡಿಸಿ ನೋಡಿ" ಅಂದರು. ಉಗುರು ಕಟ್ ಕಟ್ ಅಂತ ಸಿಕ್ಕಿಕೊಂಡಿತು. ರೋಲರ್‌ಗಳು ವರ್ಷಗಟ್ಟಲೆ ಒಂದೇ ಜಾಗದಲ್ಲಿ ಬಡಿದು ಬಡಿದು ಗೆರೆ ಮೂಡಿಸಿದ್ದವು. ಚಕ್ರ ನೇರ ಇದ್ದಾಗ ರೋಲರ್‌ಗಳು ಆ ಗೆರೆಗಳಲ್ಲಿ ಕೂರುತ್ತವೆ. ಅಲ್ಲಿ ಬಿಗಿಯೇ ಇರುವುದಿಲ್ಲ. ಒಂದು ಗುಂಡಿ ಸಿಕ್ಕರೆ ಸಾಕು, ಚಕ್ರ ಆಡಲು ಶುರು. 65ರ ನಡುಕದ ಗುಟ್ಟು ಉಗುರಿನ ತುದಿಗೆ ಸಿಕ್ಕಿತು.

ಹೊಸ ರೇಸುಗಳನ್ನು ಹಿಂದಿನ ರಾತ್ರಿಯೇ ಮಾವನ ಮನೆಯ ಫ್ರೀಜರಿನಲ್ಲಿ ಇಟ್ಟಿದ್ದೆ. ತಣ್ಣಗಾದರೆ ಲೋಹ ಕೂದಲೆಳೆಯಷ್ಟು ಕುಗ್ಗುತ್ತದೆ, ಸಲೀಸಾಗಿ ಕೂರುತ್ತದೆ. ಹಳೇ ರೇಸನ್ನೇ ಮೇಲಿಟ್ಟು ಅದರ ಮೇಲೆ ತಟ್ಟಿದೆವು. ಹೊಸದಕ್ಕೆ ನೇರ ಏಟು ಬೀಳಬಾರದು.

ಆಮೇಲೆ ಬಿಗಿ ನೋಡುವ ಕೆಲಸ. ಕಿಂಗ್ ಪಿನ್ನಿನ ಕೆಳಗೆ ತೆಳು ಶಿಮ್ಮುಗಳು (ತಗಡಿನ ಬಿಲ್ಲೆಗಳು) ಇರುತ್ತವೆ. ಶಿಮ್ ತೆಗೆದರೆ ಬಿಗಿ ಜಾಸ್ತಿ, ಸೇರಿಸಿದರೆ ಕಡಿಮೆ. ಎಷ್ಟು ಬಿಗಿ ಅಂತ ಅಳೆಯಲು ಗೋಳದ ಸೀಲು ಹಾಕುವ ಮೊದಲು ನಕಲ್ಲಿನ ತೋಳಿನಲ್ಲಿ ಟೈ ರಾಡ್ (ಮುಂದಿನ ಎರಡೂ ಚಕ್ರ ಜೋಡಿಸುವ ಸರಳು) ಕೂರುವ ತೂತಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆಯಬೇಕು. ನಕಲ್ ಅಲುಗಾಡಲು ಶುರುವಾಗುವಾಗ ತಕ್ಕಡಿ 1ರಿಂದ 1.8 ಕೆಜಿ ತೋರಿಸಬೇಕು. ಅತ್ತೆ ಮೀನು ತೂಗಲು ಇಟ್ಟುಕೊಂಡಿದ್ದ ತಕ್ಕಡಿ ಕೇಳಿ ತಂದಿದ್ದೆ. ಮೊದಲ ಸಲ 0.7 ಬಂತು. ಒಂದು ತೆಳು ಶಿಮ್ ತೆಗೆದೆವು. 1.4. ಬಲಗಡೆಯೂ ಅದನ್ನೇ ಮಾಡಿದೆವು, 1.5. ಕಣ್ಣಂದಾಜಿನಲ್ಲೇ ನಲವತ್ತು ವರ್ಷ ಈ ಕೆಲಸ ಮಾಡಿದ ಮೇಸ್ತ್ರಿ ಆ ತಕ್ಕಡಿಯನ್ನು ತಾವೇ ಇನ್ನೆರಡು ಸಲ ಎಳೆದು ನೋಡಿ ತಲೆಯಾಡಿಸಿದರು. ಟೈ ರಾಡ್ ಎಂಡುಗಳನ್ನೂ ಹೊಸದು ಹಾಕಿ ಟೋ-ಇನ್ (ಮುಂದಿನ ಚಕ್ರಗಳು ಎಷ್ಟು ಒಳಮುಖ ಅನ್ನುವ ಅಳತೆ) ಸರಿ ಮಾಡಿಸಿದ ಮೇಲೆ ಹಾಸನದ ಬೈಪಾಸಿನಲ್ಲಿ 80ರಲ್ಲಿ ಹೋದೆ. ಸ್ಟೇರಿಂಗ್ ಮೇಲೆ ಎರಡು ಬೆರಳು ಸಾಕಾಯಿತು.

ಬ್ರೇಕು ಬೇಗ ಮುಗಿಯಿತು. ಬಲಗಡೆಯ ಕ್ಯಾಲಿಪರ್ ಪಿಸ್ಟನ್ ಹಿಡಿದುಕೊಂಡಿತ್ತು, ಹಾಗಾಗಿ ಎಡಗಡೆ ಒಂದೇ ಕೆಲಸ ಮಾಡುತ್ತಿತ್ತು. ಸೀಲು ಕಿಟ್, ಹೊಸ ಪ್ಯಾಡು, ಹಿಂದೆ ಹೊಸ ಲೈನಿಂಗ್, ಹೊಸ ರಬ್ಬರ್ ಹೋಸು, ಹೊಸ ಬ್ರೇಕ್ ಆಯಿಲ್.

ತಗಡಿನ ಕೆಲಸ ಹಿಡಿದದ್ದು ಮೂರು ದಿನ. ಡ್ರೈವರ್ ಕಾಲಡಿಯಲ್ಲಿ ಎರಡು ಅಂಗೈ ಅಗಲ ಕತ್ತರಿಸಿ ಹೊಸ ತಗಡು ಬೆಸುಗೆ ಹಾಕಿಸಿದೆ. ವಿಂಡ್‌ಶೀಲ್ಡ್ ಫ್ರೇಮಿನ ಕೆಳಗಿನ ಮೂಲೆಯಲ್ಲೂ ಸ್ವಲ್ಪ. ಅದಕ್ಕಿಂತ ಮುಖ್ಯವಾದ ಕೆಲಸ ಚಾಸಿಯ ಒಳಗಡೆಯದು. ಜಿಪ್ಸಿಯ ಚಾಸಿ ಡಬ್ಬಿಯ ಹಾಗೆ ಮುಚ್ಚಿಕೊಂಡಿರುತ್ತದೆ. ತೂತುಗಳಿಂದ ಒಳಗೆ ಹೋದ ಕೆಸರು ಅಲ್ಲೇ ಕೂತು ಮಳೆಗಾಲ ಪೂರ್ತಿ ತೇವ ಹಿಡಿದಿಟ್ಟುಕೊಳ್ಳುತ್ತದೆ. ತುಕ್ಕು ಒಳಗಿನಿಂದ ಶುರುವಾಗುವುದು ಹೀಗೆ. ವಾಟರ್ ಸರ್ವೀಸಿನಲ್ಲಿ ಹಿಂದಿನ ತೂತಿಗೆ ಪೈಪು ಕೊಟ್ಟು ಬಿಟ್ಟೆವು. ಮುಂದಿನಿಂದ ಕೆಂಪು ನೀರು ಅರ್ಧ ಗಂಟೆ ಹರಿಯಿತು. ಅದರ ಜೊತೆ ಒಂದಷ್ಟು ಕಾಫಿ ಎಲೆ, ಎರಡು ಒಣಗಿದ ಕಾಫಿ ಹಣ್ಣು. ಬಿಸಿಲಿಗೆ ಎರಡು ದಿನ ನಿಲ್ಲಿಸಿ, ಒಣಗಿದ ಮೇಲೆ ಉದ್ದ ನಳಿಕೆಯಿಂದ ಒಳಗೆಲ್ಲ ತುಕ್ಕು ತಡೆಯುವ ಮೇಣ ಹೊಡೆಸಿದೆ. ನೀರು ಹೊರಹೋಗುವ ತೂತುಗಳನ್ನು ತಂತಿಯಿಂದ ಬಿಡಿಸಿದೆ. ಈಗ ಪ್ರತಿ ಸಲ ತೋಟದಿಂದ ಬಂದ ಮೇಲೂ ಹೀಗೆ ತೂತು ಬಿಡಿಸುತ್ತೇನೆ.

ಇಷ್ಟಾದ ಮೇಲೆ ಟಯರು. ಕಂಪನಿಯ ಅಳತೆ 205/70 ಆರ್ 15, ಎತ್ತರ ಸುಮಾರು 668 ಮಿಮೀ. ನಾನು ಹಾಕಿಸಿದ್ದು 215/75 ಆರ್ 15, ಎತ್ತರ 703. ಬಾಡಿ ಎತ್ತರಿಸದೆ, ಎಲ್ಲೂ ಉಜ್ಜದೆ ಕೂರುತ್ತದೆ. ಇಲ್ಲಿ ಒಂದು ಮಾತು. ಪ್ಲೇಟು ಎತ್ತರಿಸಿದರೆ ಬಾಡಿ ಮೇಲೆ ಹೋಗುತ್ತದೆ, ಚಾಸಿ ಮೇಲೆ ಹೋಗುತ್ತದೆ, ಆದರೆ ಡಿಫ್ರೆನ್ಷಿಯಲ್ ಇದ್ದಲ್ಲೇ ಇರುತ್ತದೆ. ಗಟ್ಟಿ ಆಕ್ಸಲ್ ಗಾಡಿಯಲ್ಲಿ ಕಲ್ಲಿಗೆ ಮೊದಲು ತಾಗುವುದು ಅದೇ ಗುಂಡು. ಅದನ್ನು ಎತ್ತರಿಸಲು ಟಯರೊಂದೇ ದಾರಿ. 35 ಮಿಮೀ ದೊಡ್ಡ ಟಯರಿಗೆ ಸಿಗುವುದು ಅದರ ಅರ್ಧ, 17 ಮಿಮೀ. ಕಡಿಮೆ ಅನ್ನಿಸಬಹುದು. ನಮ್ಮ ತೋಟದ ಇಳಿಜಾರಿನಲ್ಲಿ ಮೊದಲು ತಾಗುತ್ತಿದ್ದ ಎರಡು ಕಲ್ಲು ಈಗ ತಾಗುವುದಿಲ್ಲ. ಸ್ಪೀಡೋಮೀಟರ್ ಶೇಕಡಾ 5ರಷ್ಟು ಕಡಿಮೆ ತೋರಿಸುತ್ತದೆ. ಮುಳ್ಳು 80ರಲ್ಲಿದ್ದರೆ ನಿಜವಾದ ವೇಗ 84. ಇದನ್ನು ನೆನಪಿಟ್ಟುಕೊಂಡೇ ಓಡಿಸುತ್ತೇನೆ. ಟಯರ್ ಅಳತೆ ಬದಲಿಸಿದ್ದನ್ನು ಇನ್ಶೂರೆನ್ಸಿನವರಿಗೆ ಬರೆದು ತಿಳಿಸಿದೆ. ಸ್ಟೆಪ್ನಿ ಸೇರಿ ಐದೂ ಒಂದೇ ಅಳತೆ. ಫೋರ್ ವೀಲ್ ಹಾಕಿದಾಗ ಮುಂದೆ ಹಿಂದೆ ಬೇರೆ ಬೇರೆ ಎತ್ತರ ಇದ್ದರೆ ಎರಡೂ ಆಕ್ಸಲ್ಲಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಗೇರಿನ ಮೇಲೆ ಒತ್ತಡ ಬೀಳುತ್ತದೆ. ಒಣ ಡಾಂಬರಿನ ಮೇಲೆ ಫೋರ್ ವೀಲ್ ಹಾಕಬಾರದು ಅನ್ನುವುದಕ್ಕೂ ಇದೇ ಕಾರಣ. ತಿರುವಿನಲ್ಲಿ ಮುಂದಿನ ಹಿಂದಿನ ಚಕ್ರ ಸವೆಸುವ ದೂರ ಬೇರೆ, ಗೇರು ಮಾತ್ರ ಎರಡನ್ನೂ ಒಟ್ಟಿಗೆ ಕಟ್ಟಿಹಾಕಿರುತ್ತದೆ. ಮಣ್ಣಲ್ಲಾದರೆ ಚಕ್ರ ಜಾರಿ ಸರಿಹೋಗುತ್ತದೆ.

ಒಂದು ತಪ್ಪನ್ನೂ ಬರೆಯುತ್ತೇನೆ. ಟಯರ್ ಹಾಕಿದ ಮೇಲೆ ಇನ್ನೊಂದಿಷ್ಟು ಎತ್ತರ ಇರಲಿ ಅಂತ ಲೇತಿನಲ್ಲಿ ಉದ್ದ ಶಾಕಲ್ ಮಾಡಿಸಿ ಮುಂದೆ ಹಾಕಿಸಿದೆ. ಕಡಿಮೆ ಖರ್ಚು, ಒಂದು ಗಂಟೆ ಕೆಲಸ. ಆದರೆ ಶಾಕಲ್ ಉದ್ದವಾದರೆ ಪ್ಲೇಟಿನ ಒಂದು ತುದಿ ಮಾತ್ರ ಇಳಿಯುತ್ತದೆ, ಅದರ ಜೊತೆ ಆಕ್ಸಲ್ಲೇ ವಾಲುತ್ತದೆ. ತಿರುಗಿಸಿದ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುವುದು ಕಡಿಮೆಯಾಯಿತು. 75ರಲ್ಲಿ ಗಾಡಿ ಲೇನಿನೊಳಗೆ ಅಲೆಯಲು ಶುರುವಾಯಿತು. ಅಷ್ಟು ಶ್ರಮಪಟ್ಟು ಸರಿಮಾಡಿದ ಸ್ಟೇರಿಂಗನ್ನು ಕಳೆದುಕೊಂಡ ಹಾಗಾಗಿ ಬೇಜಾರಾಯಿತು. ಮರುವಾರವೇ ಬಿಚ್ಚಿಸಿ ಹಳೇ ಶಾಕಲ್ ಹಾಕಿಸಿದೆ. ಹೊಸ ಬುಷ್ಷು, ಹೊಸ ಶಾಕ್ ಅಬ್ಸಾರ್ಬರ್ ಸಾಕಾಯಿತು.

ಹಳ್ಳ ದಾಟುವವರು ಮಾಡಲೇಬೇಕಾದ ಕೆಲಸ ಬ್ರೀದರ್ ಪೈಪು. ಬ್ರೀದರ್ ಅಂದರೆ ಆಕ್ಸಲ್ ಗಾಳಿಯಾಡುವ ಪುಟ್ಟ ತೂತು. ಹತ್ತು ಕಿಮೀ ಓಡಿದ ಡಿಫ್ರೆನ್ಷಿಯಲ್ ಬಿಸಿ ಇರುತ್ತದೆ. ಅದನ್ನು ತಣ್ಣೀರಿಗೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ ಎಲ್ಲಿಂದಾದರೂ ಎಳೆದುಕೊಳ್ಳುತ್ತದೆ. ಬ್ರೀದರ್ ನೀರಿನೊಳಗಿದ್ದರೆ ಅಲ್ಲಿಂದ, ಇಲ್ಲವೇ ಸೀಲಿನ ಅಂಚಿನಿಂದ ನೀರೇ ಒಳಗೆ ಹೋಗುತ್ತದೆ. ಎರಡೂ ಆಕ್ಸಲ್ಲಿನ ಬ್ರೀದರಿಗೆ ಪೆಟ್ರೋಲ್ ಹೋಸ್ ಸಿಕ್ಕಿಸಿ, ಮುಂದಿನದನ್ನು ಬಾನೆಟ್ಟಿನೊಳಗೆ ಎತ್ತರಕ್ಕೆ, ಹಿಂದಿನದನ್ನು ಪೆಟ್ರೋಲ್ ಹಾಕುವ ಬಾಯಿಯ ಹತ್ತಿರಕ್ಕೆ ಒಯ್ದೆವು. ಆಕ್ಸಲ್ ಮೇಲೆ ಕೆಳಗೆ ಆಡಲು ಹೋಸನ್ನು ಸಡಿಲ ಬಿಟ್ಟಿದ್ದೇವೆ. ಖರ್ಚು 400 ರೂಪಾಯಿ ದಾಟಲಿಲ್ಲ.

ಜೊತೆಗೆ ಇಟ್ಟುಕೊಂಡದ್ದು ಸ್ವಲ್ಪವೇ. 12 ವೋಲ್ಟಿನ ಕಂಪ್ರೆಸರ್, ಗಾಳಿ ನೋಡುವ ಮೀಟರ್, ಹಿಗ್ಗುವ ರೋಪು, ರೋಪು ಸಿಕ್ಕಿಸುವ 3.25 ಟನ್ನಿನ ಎರಡು ಶಾಕಲ್, ಒಂದು ಗುದ್ದಲಿ, ನಾಲ್ಕು ಗೋಣಿಚೀಲ. ಗೋಣಿಚೀಲ ಮಾವ ಹೇಳಿಕೊಟ್ಟದ್ದು. ಕೆಸರಿನಲ್ಲಿ ಚಕ್ರ ಸುತ್ತಲು ಶುರುವಾದರೆ ಮುಂದೆ ಹಾಸುವುದು. ರೋಪು ಎಳೆಯುವಾಗ ಅದೇ ಚೀಲ ಒದ್ದೆ ಮಾಡಿ ರೋಪಿನ ಮಧ್ಯೆ ಹಾಕುತ್ತೇವೆ. ತುಂಡಾದರೆ ಹಾರದೆ ನೆಲಕ್ಕೆ ಬೀಳಲಿ ಅಂತ.

ಖರ್ಚಿನ ಲೆಕ್ಕ: ತಗಡು ಮತ್ತು ತುಕ್ಕು 18,000, ಮುಂದಿನ ಆಕ್ಸಲ್ 14,000, ಬ್ರೇಕು 9,000, ಟಯರು ಐದಕ್ಕೆ 42,000, ಬುಷ್ಷು ಮತ್ತು ಅಬ್ಸಾರ್ಬರ್ 16,000, ಚಿಲ್ಲರೆ ಸಾಮಾನು 8,000. ಗಾಡಿಯ ಮೇಲೆ 1.07 ಲಕ್ಷ.

ಸೆಪ್ಟೆಂಬರಿನ ಕೊನೆಯ ಶನಿವಾರ ಮೊದಲ ಸಲ ಪೂರ್ತಿ ಸುತ್ತು ಹೋದೆ. ಮಾವ ತಮ್ಮ ಜೀಪಿನಲ್ಲಿ ಮುಂದೆ, ನಾನು ಹಿಂದೆ. ಗೇಟಿನ ಹತ್ತಿರ ಟಯರಿನ ಗಾಳಿಯನ್ನು 26 ಪಿಎಸ್‌ಐಯಿಂದ 18ಕ್ಕೆ ಇಳಿಸಿದೆ. "ಏನೋ ಅದು, ಗಾಳಿ ಬಿಡ್ತಾ ಇದೀಯ?" ಅಂದರು ಮಾವ. ಅವರು ಮಳೆಗಾಲದಲ್ಲಿ ಹಿಂದಿನ ಚಕ್ರಕ್ಕೆ ಚೈನು ಕಟ್ಟುವವರು. ಏರಿನಲ್ಲಿ ಫೋರ್ ವೀಲ್ ಲೋ (ನಾಲ್ಕೂ ಚಕ್ರಕ್ಕೆ ನಿಧಾನದ, ಬಲದ ಗೇರು), ಮೊದಲ ಗೇರು. ಈ ಗೇರಿನಲ್ಲಿ ಎಂಜಿನ್ 32 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. 1,000 ಆರ್‌ಪಿಎಮ್‌ನಲ್ಲಿ ಗಂಟೆಗೆ 4 ಕಿಮೀ, ನಡೆಯುವ ವೇಗ. ಮಾವನ ಜೀಪು ಇದಕ್ಕಿಂತ ನಿಧಾನಕ್ಕೆ ತೆವಳುತ್ತದೆ, ಅದು ಒಪ್ಪಿಕೊಳ್ಳಬೇಕಾದ ಮಾತು. ಎರಡನೇ ಕೊರಕಲಿನಲ್ಲಿ ನನ್ನ ಒಂದು ಹಿಂದಿನ ಚಕ್ರ ಗಾಳಿಯಲ್ಲಿ ಸುತ್ತಿತು. ನಿಲ್ಲಿಸಿ, ಹಿಂದೆ ಬಂದು, ಒಂದಡಿ ಎಡಕ್ಕೆ ಹಿಡಿದು ಮತ್ತೆ ಹತ್ತಿದೆ, ಬಂತು. ಹಳ್ಳವನ್ನು ಮೊದಲು ಕೋಲು ಹಿಡಿದು ನಡೆದು ದಾಟಿ ನೋಡಿದೆ. ಮೊಣಕಾಲಿಗಿಂತ ಕೆಳಗೆ, ತಳ ಗಟ್ಟಿ. ಕಾಲಿಗೆ ಮೂರು ಉಂಬಳ (ಜಿಗಣೆ) ಹತ್ತಿದ್ದವು. ಸುಣ್ಣ ಹಚ್ಚಿ ಬಿಡಿಸಿಕೊಂಡು ಗಾಡಿ ಇಳಿಸಿದೆ.

ಭಾನುವಾರ ಮಧ್ಯಾಹ್ನ ಗಾಳಿ ತುಂಬಿಸಿ ಹೊರಟು ಎಂಟು ಗಂಟೆಗೆ ಬೆಂಗಳೂರು ಸೇರಿದೆ. ದಾರಿಯುದ್ದಕ್ಕೂ 80, ಎಲ್ಲೂ ನಡುಕ ಇಲ್ಲ. ಲೀಟರಿಗೆ 10 ಕಿಮೀ ಕೊಟ್ಟಿತು. ಸೋಮವಾರ ಆಫೀಸಿಗೂ ಅದರಲ್ಲೇ ಹೋದೆ. ಸಂಜೆ ಬಂದು ಎರಡೂ ಡಿಫ್ರೆನ್ಷಿಯಲ್ಲಿನ ಲೆವೆಲ್ ಬೋಲ್ಟ್ ಬಿಚ್ಚಿ ಬೆರಳು ಹಾಕಿದೆ. ಮುಂದಿನ ಎಣ್ಣೆ ಜೇನಿನ ಬಣ್ಣ, ಚೊಕ್ಕ. ಹಿಂದಿನದು ಹಾಲು ಜಾಸ್ತಿಯಾದ ಕಾಫಿಯ ಬಣ್ಣ. ಕೆಳಗೆ ಮಲಗಿ ನೋಡಿದರೆ ಬ್ರೀದರ್ ಹೋಸು ಕಳಚಿ ನೇತಾಡುತ್ತಿತ್ತು. ಅಲ್ಲಿಗೆ ಕ್ಲಿಪ್ ಹಾಕುವುದು ಮರೆತಿದ್ದೆವು. ಎಣ್ಣೆ ಪೂರ್ತಿ ಇಳಿಸಿ, ಹೊಸ ಇಪಿ 90 ಗೇರ್ ಆಯಿಲ್ ಒಂದೂವರೆ ಲೀಟರ್ ಹಾಕಿ, ಹೋಸಿಗೆ ಸ್ಕ್ರೂ ಇರುವ ಕ್ಲಿಪ್ ಬಿಗಿದೆ.

ಇನ್ನು ಉಳಿದಿರುವುದು ಗೇರು ಬದಲಿಸುವಾಗಿನ ಆ ಧಡ್. ಜಿಪ್ಸಿಯಲ್ಲಿ ಟ್ರಾನ್ಸ್‌ಫರ್ ಕೇಸು ಗೇರ್ ಬಾಕ್ಸಿನಿಂದ ಬೇರೆಯಾಗಿ ಮೂರು ರಬ್ಬರ್ ಮೌಂಟಿನ ಮೇಲೆ ಕೂತಿರುತ್ತದೆ. ಅದರಲ್ಲಿ ಒಂದು ಸೀಳಿದೆ. ಮೂರನ್ನೂ ಒಟ್ಟಿಗೆ ಬದಲಿಸಬೇಕು. ಮಾವ ಈಗಾಗಲೇ ಫೋನ್ ಮಾಡಿದ್ದಾರೆ. "ಜನವರೀಲಿ ಕೊಯ್ಲಿಗೆ ಒಂದೆರಡು ವಾರ ಆ ಗಾಡಿ ಇಲ್ಲೇ ಬಿಟ್ಟು ಹೋಗೋ" ಅಂದರು. ಅಷ್ಟರೊಳಗೆ ಮೌಂಟು ಹಾಕಿಸಿಬಿಡಬೇಕು. ಬರುವ ಶನಿವಾರ ಜೆ.ಸಿ. ರಸ್ತೆಗೆ ಹೋಗುತ್ತಿದ್ದೇನೆ.